ತಂಗಿಯ ಹೆಸರಿನ ಪೂಜೆ

ಪಕ್ಕದ ಮನೆಯಲ್ಲಿ ಇವತ್ತು ಸತ್ಯನಾರಾಯಣ ಪೂಜೆ. ತುಪ್ಪದಲ್ಲಿ ಗೋಧಿರವೆ ಹುರಿಯುವ ಘಮ ಕಿಟಕಿಯಿಂದ ಬಂದದ್ದೇ ತಡ, ನಾನು ಮತ್ತೆ ಬಾಲ್ಯದ, ಹೊಳೆನರಸೀಪುರದ ನಮ್ಮ ನಡುಮನೆಯಲ್ಲಿದ್ದೆ.

ನಮ್ಮದು ಅನ್ನ, ರಾಗಿಯ ಮನೆ. ಗೋಧಿ ಒಳಗೆ ಬರುತ್ತಿದ್ದದ್ದು ಈ ಪೂಜೆಯ ಪ್ರಸಾದವಾದ ಸಪಾದಕ್ಕೆ ಮಾತ್ರ. ಅಜ್ಜಿ ಮಡಿಯುಟ್ಟು ರವೆ, ಸಕ್ಕರೆ, ತುಪ್ಪ ಎಲ್ಲವನ್ನೂ ಒಂದೂಕಾಲು ಪಾವು ಅಳೆದು ಬಾಣಲೆಗೆ ಸುರಿಯುತ್ತಿದ್ದಳು.

ಒಂದು ಸಲ ಪೂಜೆಯ ದಿನ ತಂಗಿ ಶಾರದೆ ಸಪಾದ ತಿಂದು ಕುಂಟಾಬಿಲ್ಲೆ ಆಡಲು ಹೋದಳು. ದೀಪ ಹಚ್ಚುವ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡು ಬಂದವಳು ಹೊಸಿಲ ಮೇಲೆಯೇ ವಾಂತಿ ಮಾಡಿದಳು. ಹೊಟ್ಟೆಯಲ್ಲಿ ಏನೂ ಉಳಿಯದ ಮೇಲೂ ಅದು ನಿಲ್ಲಲಿಲ್ಲ. ಹೊಟ್ಟೆ ಉಬ್ಬಿ ಬಿಗಿಯಿತು, ಮುಖ ಬಿಳಿಚಿತು, ಕೈಕಾಲು ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದವು. ಕೂಗಿದರೂ ಕಣ್ಣು ಬಿಡಲಿಲ್ಲ. ಅಮ್ಮ ಅಳುವುದನ್ನು ನಾನು ಮೊದಲು ನೋಡಿದ್ದು ಆಗಲೇ.

“ಮಗು ಪ್ರಸಾದ ಚೆಲ್ಲಿರ್ಬೇಕು ಕಣೇ, ಸ್ವಾಮಿಗೆ ಕೋಪ ಬಂದಿದೆ. ಇವಳು ಎದ್ದು ಕೂತ್ರೆ ಇವಳ ಹೆಸರಲ್ಲೇ ಇನ್ನೊಂದು ಪೂಜೆ ಮಾಡಿಸ್ತೀನಿ,” ಎಂದು ಅಜ್ಜಿ ಹರಕೆ ಹೊತ್ತಳು.

ತಂಗಿ ಎದ್ದಳು. ಪೂಜೆಯೂ ಆಯಿತು. ಅವಳ ಹೆಸರಿನ ಪೂಜೆಯಾದ್ದರಿಂದ ಮೊದಲ ಹಿಡಿ ಸಪಾದ ಅವಳಿಗೇ. ಸಂಜೆಗೆ ಮತ್ತೆ ಅದೇ ವಾಂತಿ, ಅದೇ ಬಿಳಿಚಿದ ಮುಖ. ಅಜ್ಜಿ ಮತ್ತೆ ಹರಕೆ ಹೊತ್ತಳು.

ಹೋದ ತಿಂಗಳು ಹಾಸನದ ಡಾಕ್ಟರು ಶಾರದೆಯ ರಿಪೋರ್ಟ್ ನೋಡಿ, ಇದು ಸೀಲಿಯಾಕ್ ಕಾಯಿಲೆ, ಚಿಕ್ಕಂದಿನಿಂದಲೂ ಇದ್ದಿರಬೇಕು, ಗೋಧಿ ಒಂದು ಚೂರೂ ಕೂಡದು ಎಂದರು.

ಈಗ ಪಕ್ಕದ ಮನೆಯಿಂದ ದೊನ್ನೆ ಬಂತು. ಶಾರದೆ ಅದನ್ನು ಕಣ್ಣಿಗೊತ್ತಿಕೊಂಡು ನನ್ನ ಕೈಗಿಟ್ಟಳು.

“ಅಕ್ಕ, ನಾನು ಉಳೀಲಿ ಅಂತಾನೇ ಅಲ್ವಾ ಅಜ್ಜಿ ಇದನ್ನ ತಿನ್ನಿಸ್ತಿದ್ದಿದ್ದು?”