ರೂತಳಿಗೆ ಕೊಟ್ಟ ಮಾತು

ಕೋವಿಡ್ ವಾರ್ಡುಗಳನ್ನೆಲ್ಲ ಮುಚ್ಚಿ ಆಸ್ಪತ್ರೆಗಳು ಮೊದಲಿನ ಸ್ಥಿತಿಗೆ ಬರುತ್ತಿದ್ದ ವರ್ಷ ಅದು. ಪುಣೆಯ ಖಡಕಿ ಹತ್ತಿರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಎನ್‌ಐಸಿಯು, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದ ಇನ್‌ಚಾರ್ಜ್ ಸಿಸ್ಟರ್ ಆಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ನನ್ನ ನಂತರದ ಸ್ಥಾನದಲ್ಲಿದ್ದವಳು ಫಿಲೋಮಿನಾ. ಮಂಗಳೂರಿನ ಕಥೋಲಿಕ ಮನೆತನದ ಹೆಣ್ಣುಮಗಳು, ಹದಿನೆಂಟು ವರ್ಷಗಳಿಂದ ನನ್ನ ಗೆಳತಿ. ನಾನು ಧಾರವಾಡದ ಕಡೆಯವಳು, ಹಣೆಗೆ ವಿಭೂತಿ ಹಚ್ಚಿಕೊಂಡೇ ಡ್ಯೂಟಿಗೆ ಬರುವವಳು. ಒಂದೇ ಡಬ್ಬಿಯಲ್ಲಿ ಉಂಡ ನಮ್ಮಿಬ್ಬರ ನಡುವೆ ದೇವರ ವಿಷಯಕ್ಕೆ ಒಮ್ಮೆಯೂ ಜಗಳ ಆಗಿರಲಿಲ್ಲ.

ಎನ್‌ಐಸಿಯು ಎಂದರೆ ಎಲ್ಲ ದೇವರೂ ಬಂದು ನಿಲ್ಲುವ ಜಾಗ. ಇನ್‌ಕ್ಯುಬೇಟರಿಗೆ ತಾಯತ ಕಟ್ಟುವವರು, ದೇವಸ್ಥಾನದ ಅಂಗಾರ, ಬೂದಿ ಹಚ್ಚುವವರು, ಜಪಮಾಲೆ ಇಡುವವರು. ಮಗುವಿಗೆ ಸೋಂಕು ತಗುಲದಿದ್ದರೆ ಸಾಕು ಎಂದು ನಾವು ಕಂಡೂ ಕಾಣದಂತೆ ಇರುತ್ತಿದ್ದೆವು.

ರೂತಳ ಗಂಡುಮಗು ಮೂವತ್ತು ವಾರಕ್ಕೇ ಹುಟ್ಟಿತು. ತಾಯಿಯ ರಕ್ತದೊತ್ತಡ ಏರಿ ತುರ್ತು ಸಿಸೇರಿಯನ್ ಮಾಡಬೇಕಾಯಿತು. ಮಗುವಿನ ತೂಕ ಒಂದು ಕಿಲೋ ನೂರೈವತ್ತು ಗ್ರಾಂ. ರೂತ್ ಗದಗಿನ ಬ್ಯಾಪ್ಟಿಸ್ಟ್ ಮನೆಯವಳು. ಗಂಡ ಆಂಟನಿ ಪುಣೆಯಲ್ಲೇ ಹುಟ್ಟಿ ಬೆಳೆದ ಕಥೋಲಿಕ, ಕುರಕುಂಭದ ಒಂದು ಕೆಮಿಕಲ್ ಕಂಪನಿಯಲ್ಲಿ ಕೆಲಸ. ಹೆಂಡತಿಯಿಂದ ಮುರುಕು ಕನ್ನಡ ಕಲಿತಿದ್ದ. ಕನ್ನಡದ ಸಿಸ್ಟರ್ ಸಿಕ್ಕಳೆಂದು ರೂತ್ ತನ್ನ ಮದುವೆಯ ಕಥೆಯನ್ನೆಲ್ಲ ನನ್ನ ಮುಂದೆ ಬಿಚ್ಚಿಟ್ಟಳು.

ಇಬ್ಬರೂ ಕ್ರೈಸ್ತರೇ ಅಲ್ಲವೇ, ತೊಡಕೇನು ಎಂದು ನಾನೂ ಕೇಳಿದ್ದೆ. ಅವಳು ತಿಳಿಸಿ ಹೇಳಿದಳು. ಕಥೋಲಿಕರು ಕೂಸಿಗೇ ಜ್ಞಾನಸ್ನಾನ ಕೊಡುತ್ತಾರೆ. ತಲೆಯ ಮೇಲೆ ನೀರು ಬಿದ್ದ ಆ ಗಳಿಗೆಯಿಂದ ಮಗು ಚರ್ಚಿನ ಸಭೆಯದು. ಬ್ಯಾಪ್ಟಿಸ್ಟರು ಅದಕ್ಕೆ ದೀಕ್ಷಾಸ್ನಾನ ಎನ್ನುತ್ತಾರೆ, ಅವರಲ್ಲಿ ಹಾಗಲ್ಲ. ಬುದ್ಧಿ ಬಂದವನು ತಾನಾಗಿ ನಂಬಿ, ತನ್ನ ಬಾಯಿಂದ ಹೇಳಿ, ನೀರಿನಲ್ಲಿ ಪೂರ್ತಿ ಮುಳುಗಿ ಏಳಬೇಕು. ಕೂಸಿಗೆ ಹಾಕಿದ ನೀರು ಅವರ ಪ್ರಕಾರ ದೀಕ್ಷಾಸ್ನಾನವೇ ಅಲ್ಲ. ವಿಚಿತ್ರವೆಂದರೆ ರೂತಳ ದೀಕ್ಷಾಸ್ನಾನವನ್ನು ಆಂಟನಿಯ ಚರ್ಚು ಒಪ್ಪಿತ್ತು. ಆಂಟನಿಯದನ್ನು ರೂತಳ ಸಭೆ ಒಪ್ಪಿರಲಿಲ್ಲ. ಅವನು ಮತ್ತೆ ಮುಳುಗಲು ಒಲ್ಲೆ ಅಂದಾಗ ಅವಳ ಪಾಸ್ಟರ್ ಮದುವೆ ಮಾಡಿಸಲಿಲ್ಲ. ಮದುವೆ ಅವನ ಚರ್ಚಿನಲ್ಲೇ ಆಯಿತು. ಮಕ್ಕಳಾದರೆ ಅವರು ದೊಡ್ಡವರಾಗಿ ಕೇಳುವವರೆಗೆ ನೀರು ಹಾಕಿಸುವುದಿಲ್ಲ ಎಂದು ಆಂಟನಿ ಅವಳಿಗೆ ಮಾತು ಕೊಟ್ಟಿದ್ದ. ಮಕ್ಕಳನ್ನು ಕಥೋಲಿಕರಾಗಿ ಬೆಳೆಸಲು ಪ್ರಯತ್ನಿಸುತ್ತೇನೆ ಎಂದು ತನ್ನ ಪಾದ್ರಿಗೂ ಮಾತು ಕೊಟ್ಟಿದ್ದ. ಪಾದ್ರಿಗೆ ಹೇಳಿದ್ದು ಬರೀ ಪದ್ಧತಿ, ತಲೆ ಕೆಡಿಸಿಕೊಳ್ಳಬೇಡ ಎಂದು ರೂತಳಿಗೆ ಅಂದಿದ್ದನಂತೆ. ಅವಳು ನಂಬಿದ್ದಳು.

ಐದನೆಯ ದಿನ ಮಗುವಿನ ರಕ್ತಕ್ಕೆ ಸೋಂಕು ಇಳಿಯಿತು. ವೆಂಟಿಲೇಟರಿಗೆ ಹಾಕಿದೆವು. ಡಾಕ್ಟರು ಆಸೆ ಇಟ್ಟುಕೊಳ್ಳಬೇಡಿ ಎಂದೇ ಹೇಳಿದರು. ಆಂಟನಿಯ ತಾಯಿ ನನ್ನ ಕೈ ಹಿಡಿದು, "ಸಿಸ್ಟರ್, ಫಕ್ತ ದೋನ್ ಥೇಂಬ," ಎರಡೇ ಹನಿ ನೀರು ಹಾಕಿ ಎಂದು ಅತ್ತಳು. ಸಾಯುವ ಮಗುವಿಗೆ ಪಾದ್ರಿಯೇ ಬೇಕೆಂದಿಲ್ಲ, ಯಾರು ಬೇಕಾದರೂ ನೀರು ಹಾಕಿ ಜ್ಞಾನಸ್ನಾನದ ನಾಲ್ಕು ಮಾತು ಹೇಳಬಹುದು ಎಂಬುದು ಕಥೋಲಿಕರ ನಂಬಿಕೆ. ನನ್ನಂಥ ವಿಭೂತಿಯವಳು ಹಾಕಿದರೂ ನಡೆಯುತ್ತದೆ.

ಹೊಲಿಗೆಯ ನೋವಿನಲ್ಲೇ ಗೋಡೆ ಹಿಡಿದುಕೊಂಡು ರೂತ್ ಬಂದಳು. "ನನ್ನ ಕೂಸು ದೇವರ ಕೈಯಾಗ ಐತ್ರಿ. ನೀರು ಬೀಳಲಿಲ್ಲ ಅಂತ ದೇವರು ಅದನ್ನ ಹೊರಗ ನಿಲ್ಲಸ್ತಾನೇನ್ರಿ? ನನ್ನ ಕೇಳದ ಯಾರೂ ಏನೂ ಮಾಡಬಾರದು. ನೀವು ಮಾತು ಕೊಡ್ರಿ."

"ನಾ ಇರೋತನಕ ಆಗೂದಿಲ್ಲವಾ," ಅಂದೆ. ಆಂಟನಿ ಪಕ್ಕದಲ್ಲೇ ನಿಂತು ತಲೆ ಆಡಿಸಿದ. ಡ್ಯೂಟಿ ಬದಲಾಗುವಾಗ ಎಲ್ಲ ಸಿಸ್ಟರುಗಳಿಗೂ ಹೇಳಿದೆ. ಫಿಲೋಮಿನಾಗೆ ಎರಡು ಸಲ ಹೇಳಿದೆ.

ಮರುದಿನ ನನ್ನ ವಾರದ ರಜೆ. ಅದರ ಮುಂದಿನ ದಿನ ಬಂದಾಗ ಔಷಧಿ ನಾಟಿ ಮಗು ಕೈಕಾಲು ಆಡಿಸುತ್ತಿತ್ತು. ವಾರದೊಳಗೆ ವೆಂಟಿಲೇಟರ್ ತೆಗೆದೆವು. ಕಾಂಗರೂ ಕೇರ್ ಶುರು ಮಾಡಿಸಿದೆ: ಬರಿಮೈ ಕೂಸನ್ನು ತಾಯಿಯ ಎದೆಗೆ ಒರಗಿಸಿ ಸೆರಗು ಹೊದಿಸುವುದು. ರೂತ್ ಹಾಗೆ ಕೂತಿದ್ದಾಗಲೇ ಅತ್ತೆ ಪೇಢೆ ಹಿಡಿದುಕೊಂಡು ಬಂದಳು. ಮೊಮ್ಮಗನ ತಲೆ ಸವರಿ, "ಆತಾ ಹಾ ಖ್ರಿಶ್ಚನ್ ಝಾಲಾ," ಅಂದಳು. ಈಗ ಇವನು ಕ್ರಿಶ್ಚಿಯನ್ ಆದ. ಪಾಪ, ಅವಳಲ್ಲಿ ಕಪಟವಿರಲಿಲ್ಲ. ಸಂತೋಷ ತಡೆಯಲಾಗಿರಲಿಲ್ಲ, ಅಷ್ಟೆ.

ರೂತ್ ಗಂಡನ ಮುಖ ನೋಡಿದಳು. ಅವನು ನೆಲ ನೋಡಿದ.

"ಮತ್ತ ಅದಕ್ಕೂ ಮೊದಲು ಏನಿತ್ತು ಇದು? ನಾ ಏನು?" ಅಂದಳು ರೂತ್.

"ಸಾಯ್ತದೆ ಅಂದ್ರು, ರೂತ್. ನನಗೆ ತಡೀಲಿಕ್ಕೆ ಆಗ್ಲಿಲ್ಲ." ಆಮೇಲೆ ಆಂಟನಿ ದನಿ ಏರಿಸಿದ. "ನಿಮ್ಮ ಪಾಸ್ಟರ್ ನನ್ನ ಕ್ರಿಶ್ಚಿಯನ್ ಅಲ್ಲ ಅಂದ್ರು. ನಮ್ಮಪ್ಪ, ಅಜ್ಜ, ಎಲ್ಲಾರೂ ಸುಳ್ಳು ಅಂದಂಗೆ. ಆವತ್ತು ನೀನು ಬಾಯಿ ಬಿಟ್ಟೆಯಾ?"

"ಅದು ನನ್ನ ತಪ್ಪು. ಅದರ ಸೇಡು ಕೂಸಿನ ತಲಿ ಮ್ಯಾಲ ತೀರಿಸಿಕೊಂಡ್ಯಾ?" ಅವಳು ದನಿ ಎತ್ತಲಿಲ್ಲ; ಎದೆಯ ಮೇಲೆ ಕೂಸು ಮಲಗಿತ್ತು. "ನಮ್ಮ ಸಭೆಯ ಪ್ರಕಾರ ಅದು ಬರೇ ನೀರು, ಆರಿ ಹೋತು. ಆದ್ರ ನೀ ನನಗ ಹೇಳದ ಮಾಡಿದಿ. ಕೂಸು ಸಾಯ್ತದ ಅಂತ ನಾ ಅಳಕೋತ ಕೂತಿದ್ದೆ, ನೀ ನನ್ನ ಬಿಟ್ಟು ಅತ್ಲಾಗ ಹೋಗಿ ನಿಂತಿ."

ನಂತರ ನನ್ನ ಕಡೆ ತಿರುಗಿದಳು. "ಸಿಸ್ಟರ್, ನೀವು ಮಾತು ಕೊಟ್ಟಿದ್ರಿ."

ನನಗೆ ಏನೂ ಗೊತ್ತಿರಲಿಲ್ಲ. ಗಾಬರಿಯಾಗಿ ಫಿಲೋಮಿನಾ ಕಡೆ ನೋಡಿದೆ. ಅವಳು ಪಕ್ಕದ ಮಗುವಿನ ಡ್ರಿಪ್ ಸರಿ ಮಾಡುತ್ತಿದ್ದಳು. ಸರಿಯಾಗಿಯೇ ಇದ್ದ ಡ್ರಿಪ್. ಆ ಮುಖ ನೋಡಿದ ಕೂಡಲೇ ಗೊತ್ತಾಗಿಹೋಯಿತು. ಈಗ ಬಂದು ನಿಲ್ಲುತ್ತಾಳೆ, ಹಾಕಿದ್ದು ನಾನು ಅನ್ನುತ್ತಾಳೆ ಎಂದು ಕಾದೆ. ಅವಳು ತಿರುಗಲೇ ಇಲ್ಲ.

ಚಹಾ ಕೋಣೆಯಲ್ಲಿ ಅವಳನ್ನು ಹಿಡಿದು ಕೇಳಿದೆ. ಸಿರಿಂಜಿನಲ್ಲಿ ಸ್ಟೆರೈಲ್ ನೀರು ತೆಗೆದು, ಬೆಚ್ಚಗೆ ಮಾಡಿ ಹಾಕಿದಳಂತೆ. ಆಂಟನಿ ಕೈಮುಗಿದು ಕೇಳಿದನಂತೆ.

"ನಿನಗೆ ಅರ್ಥ ಆಗ್ಲಿಕ್ಕಿಲ್ಲ ಮಾರಾಯ್ತಿ. ನಾನು ಕೈ ಕಟ್ಟಿ ನಿಂತು ಆ ಮಗು ಹಾಗೇ ಹೋಗಿದ್ರೆ, ನಾನು ಬದುಕ್ಲಿಕ್ಕುಂಟಾ?"

"ರೂತ್‌ಗ ಅರ್ಥ ಆಗ್ತಿತ್ತಲ್ಲ. ಅಕಿನೂ ಯೇಸುವಿನ ಮಗಳೇ. ಅಕೀಗೆ ಹೇಳಿ ಹಾಕಬೇಕಿತ್ತು."

"ಹೇಳಿದ್ರೆ ಬಿಡ್ತಿದ್ಲಾ?"

"ಅದಕ್ಕಽ ನನ್ನ ರಜಾ ಕಾದಿ. ಹೋಗ್ಲಿ, ಈಗಾರೆ ಅಕಿ ಮುಂದ ಒಪ್ಪಿಕೋಬೇಕಿತ್ತಲ್ಲ?"

ಅವಳು ಚಹಾದ ಲೋಟ ಅಲ್ಲೇ ಇಟ್ಟು ವಾರ್ಡಿಗೆ ನಡೆದಳು. ನೀರು ಹಾಕಿದ್ದಕ್ಕೆ ನನಗೆ ಅಷ್ಟು ಸಿಟ್ಟು ಬರಲಿಲ್ಲ. ಅವಳ ನಂಬಿಕೆ ಅವಳನ್ನು ಸುಮ್ಮನಿರಗೊಡಲಿಲ್ಲ ಎಂದುಕೊಂಡೆ. ಆದರೆ ನನ್ನನ್ನು ಆ ತಾಯಿಯ ಮುಂದೆ ಸುಳ್ಳುಗಾರ್ತಿಯಾಗಿ ನಿಲ್ಲಿಸಿ ತಾನು ಬೆನ್ನು ಮಾಡಿದಳಲ್ಲ, ಅದು ಚುಚ್ಚಿತು. ಆವತ್ತು ಡಬ್ಬಿ ಬಿಚ್ಚದೆ ಮನೆಗೆ ತೆಗೆದುಕೊಂಡು ಹೋದೆ.

ಸಂಜೆ ರೂತಳ ಹತ್ತಿರ ಹೋಗಿ, ನನಗೆ ಗೊತ್ತಿಲ್ಲದೆ ನಡೆದದ್ದು ಎಂದು ಹೇಳಿದೆ. ಅವಳು ಕೂಸಿನ ಟೊಪ್ಪಿಗೆ ಸರಿಮಾಡುತ್ತ ಅಂದಳು: "ಯಾರು ಹಾಕಿದ್ರು ಅಂತ ನಾ ಕೇಳಲಿಲ್ರಿ. ನಿಮ್ಮನ್ನ ನಂಬಿ ನಾ ಆವತ್ತು ಕೂಸು ಬಿಟ್ಟು ಎದಿಹಾಲು ತಗೀಲಿಕ್ಕೆ ಹೋಗಿದ್ದೆ."

ತೂಕ ಒಂದು ಮುಕ್ಕಾಲು ಕಿಲೋ ದಾಟಿದಾಗ ಡಿಸ್ಚಾರ್ಜ್ ಆಯಿತು. ಆಂಟನಿ ರಿಕ್ಷಾದ ಹತ್ತಿರ ಕೂಸಿಗಾಗಿ ಕೈ ಚಾಚಿದ. ಅವಳು ಕೊಡಲಿಲ್ಲ. ಕೂಸನ್ನು ಎದೆಗೆ ಅವುಚಿಕೊಂಡೇ ಕಷ್ಟಪಟ್ಟು ಒಳಗೆ ಹತ್ತಿ ಕೂತಳು.

ಆಮೇಲೆ ಘಟಕದಲ್ಲಿ ಒಂದು ನಿಯಮ ಮಾಡಿದೆ: ಯಾವ ದೇವರ ವಿಧಿಯೇ ಇರಲಿ, ತಂದೆ ತಾಯಿ ಇಬ್ಬರೂ ಇನ್‌ಕ್ಯುಬೇಟರಿನ ಎದುರು ನಿಂತು ಹೂಂ ಅನ್ನಬೇಕು. ನಿಯಮವೇನೋ ನಡೆಯಿತು. ಇಡೀ ವಾರ್ಡಿನ ಪರವಾಗಿ ಒಬ್ಬಳೇ ಮಾತು ಕೊಡಬಾರದು ಎಂಬುದು ನನಗೆ ಈ ಕೆಲಸ ಕಲಿಸಿದ ಪಾಠ. ಕೊಟ್ಟರೆ ಕಾಯುತ್ತ ಅಲ್ಲೇ ಕೂರಬೇಕಾಗುತ್ತದೆ.

ಫಿಲೋಮಿನಾ ಈಗಲೂ ಕ್ರಿಸ್‌ಮಸ್ಸಿಗೆ ಮನೆಯಲ್ಲಿ ಮಾಡಿದ ಕುಸ್ವಾರ್ ತಿಂಡಿ ಕಳಿಸುತ್ತಾಳೆ. ಫೋನು ಮಾಡಿ ಚೆನ್ನಾಗಿತ್ತು ಅನ್ನುತ್ತೇನೆ. ನಾನು ನಿವೃತ್ತಳಾಗುವ ಮುಂಚೆ ಹುಬ್ಬಳ್ಳಿಯಲ್ಲಿ ತಂಗಿಯ ಮಗಳ ಮದುವೆ ಬಂತು. ಹೋಗಿ ಬಾ, ವಾರ್ಡು ನಾನು ನೋಡಿಕೊಳ್ಳುತ್ತೇನೆ ಎಂದು ಅವಳೇ ಹೇಳಿದಳು. ನಾನು ಮದುವೆಗೆ ಹೋಗಲಿಲ್ಲ.