ಒಂದೇ ಅಚ್ಚಿನ ಹಸಿರು ಮುದ್ರೆ

ಕೋರ್ಟಿನ ಹಿಂದಿನ ಗಲ್ಲಿಯಲ್ಲಿ, ಜೆರಾಕ್ಸ್ ಅಂಗಡಿಗೂ ಕನ್ನಡಕದ ಅಂಗಡಿಗೂ ನಡುವೆ, ಒಬ್ಬರು ಅಡ್ಡ ನಿಂತರೆ ಮುಚ್ಚಿಹೋಗುವಷ್ಟು ಜಾಗದಲ್ಲಿ ಸೀಲು ಮಾಡುವ ಯಜಮಾನರೊಬ್ಬರು ಕೂರುತ್ತಾರೆ. ರಬ್ಬರ್ ಸೀಲು. ನಲವತ್ತೊಂದು ವರ್ಷದಿಂದ ಅದೇ ಕೆಲಸ. ಮೊದಲು ಬ್ಲೇಡಿನ ತುದಿಯಿಂದ ಒಂದೊಂದೇ ಅಕ್ಷರವನ್ನು ತಿರುಗುಮುರುಗಾಗಿ ಕೊರೆಯುತ್ತಿದ್ದರು. ಈಗ ಯಂತ್ರ ಕೊರೆಯುತ್ತದೆ, ಇವರು ಭೂತಗನ್ನಡಿ ಹಿಡಿದು ಅದರ ತಪ್ಪು ಹುಡುಕುತ್ತಾರೆ. ಗಲ್ಲಿಯವರು ಬೆನ್ನ ಹಿಂದೆ ಇವರನ್ನು ‘ಪತ್ರ ಎಲ್ಲಿ’ ಎಂದೇ ಕರೆಯುವುದು. ಯಾರೇ ಬಂದು ಸೀಲು ಬೇಕೆಂದರೂ ಇವರ ಬಾಯಿಂದ ಬೀಳುವ ಮೊದಲ ಮಾತು ಅದು.

ಪತ್ರವೆಂದರೆ, ಆ ಕಚೇರಿಯದೋ ಶಾಲೆಯದೋ ಹೆಸರು ಅಚ್ಚಾದ ಹಾಳೆಯಲ್ಲಿ, ಇಂಥವರಿಗೆ ಇಂಥ ಸೀಲು ಮಾಡಿಕೊಡಿ ಎಂದು ಬರೆದು ಸಹಿ ಹಾಕಿದ ಕಾಗದ. ಅದಿಲ್ಲದೆ ಬ್ರಹ್ಮ ಬಂದರೂ ಸೀಲು ಹುಟ್ಟುವುದಿಲ್ಲ. ಕಾಗದ ಕೊಟ್ಟ ಮೇಲೂ ಅಲ್ಲಿಗೆ ಫೋನು ಮಾಡಿ ವಿಚಾರಿಸುತ್ತಾರೆ. ಸೀಲು ತಯಾರಾದ ಮೇಲೆ ಅದರ ಮೊದಲ ಗುರುತನ್ನು ತಮ್ಮ ಪುಸ್ತಕದಲ್ಲಿ ಒತ್ತಿ ಪಕ್ಕದಲ್ಲಿ ಸಹಿ ಮಾಡಿಸಿಕೊಳ್ಳುತ್ತಾರೆ. ಒಮ್ಮೆ ಗರಿಗರಿ ಅಂಗಿಯವನೊಬ್ಬ ಬಂದು, ಡಾಕ್ಟರ ಸೀಲು ಬೇಕು, ಪತ್ರವಿಲ್ಲ, ದುಪ್ಪಟ್ಟು ಕೊಡುತ್ತೇನೆ ಎಂದ. ಯಜಮಾನರು ಕೂತಿದ್ದ ಸ್ಟೂಲನ್ನೇ ಎತ್ತಿಕೊಂಡು ಹೊರಗೆ ಬಂದರು. ಅವನು ಓಡಿದ ಓಟವನ್ನು ಜೆರಾಕ್ಸಿನವನು ಇವತ್ತಿಗೂ ನಟಿಸಿ ತೋರಿಸುತ್ತಾನೆ.

ಇಂಥ ಮನುಷ್ಯನಿಗೇ ಟೋಪಿ ಬಿತ್ತು. ಹೇಳಲು ಹೊರಟರೆ ಮೈ ಉರಿಯುತ್ತದೆ.

ಅವರ ಹೆಂಡತಿಗೆ ನಾಲ್ಕು ವರ್ಷದಿಂದ ಕಿವಿ ಮಂದ. ಮೊದಲು ಕುಕ್ಕರಿನ ಸೀಟಿ ಕೇಳಿಸದಾಯಿತು, ಆಮೇಲೆ ಬಾಗಿಲು ಬಡಿಯುವುದು, ಆಮೇಲೆ ಗಂಡನ ಗೊಣಗಾಟ. ‘ಅದೊಂದು ಕೇಳಿಸದೇ ಇರೋದು ಪುಣ್ಯ ಬಿಡಿ’ ಎಂದು ಆಕೆ ನಗುತ್ತಿದ್ದರು. ಮಗಳ ಕೂಸು ಮಾತು ಕಲಿಯತೊಡಗಿದ ಮೇಲೆ ಆ ನಗು ಕಡಿಮೆಯಾಯಿತು. ಕೂಸು ಏನೋ ಒಂದು ಹೇಳುತ್ತದೆ, ಎಲ್ಲರೂ ಗೊಳ್ಳೆನ್ನುತ್ತಾರೆ, ಅಜ್ಜಿ ಮಾತ್ರ ಎಲ್ಲರ ಮುಖ ನೋಡಿಕೊಂಡು ತಡವಾಗಿ ನಗುತ್ತಾರೆ. ಅದನ್ನು ಕಂಡ ದಿನದಿಂದ ಯಜಮಾನರು ಕಿವಿಗೆ ಹಾಕುವ ಮಷಿನ್ನಿನ ವಿಚಾರಣೆಗೆ ತೊಡಗಿದರು.

ಕಿವಿ ಮಷಿನ್ನಿಗೆ ಆಸ್ಪತ್ರೆಯವರು ಹೇಳಿದ ಬೆಲೆ ಕೇಳಿ ಒಮ್ಮೆ ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸಾಗಿದ್ದರು. ಹೀಗಿರುವಾಗ ಫೋನಿನಲ್ಲಿ ಅಂಥದ್ದೇ ಮಷಿನ್ನು ಕಾಣಿಸಿತು, ಅರ್ಧ ಬೆಲೆಗೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಹಣ ಕಟ್ಟುವ ಜಾಗದ ಕೆಳಗೆ ಒಂದು ಹಸಿರು ಮುದ್ರೆ ಇತ್ತು. ದುಂಡಗೆ, ನಡುವೆ ಬೀಗದ ಚಿತ್ರ, ಸುತ್ತಲೂ ‘ನೂರಕ್ಕೆ ನೂರು ಸುರಕ್ಷಿತ ಅಂಗಡಿ’ ಎಂಬ ಬರಹ. ಅದನ್ನು ಅವರು ಮೊದಲೇ ಕಂಡಿದ್ದರು. ಎಲ್ಲಿ? ಸ್ವಂತ ಮಗಳ ಅಂಗಡಿಯಲ್ಲಿ.

ಮಗಳು ಮನೆಯ ಹಿಂದಿನ ಕೋಣೆಯಲ್ಲಿ ಎಳೆಮಕ್ಕಳಿಗೆ ಹೊದಿಕೆ ಹೊಲಿದು ಆನ್‌ಲೈನಿನಲ್ಲಿ ಮಾರುತ್ತಾಳೆ. ಅಂಚು ಹೊಲಿದುಕೊಡುವುದು ಅಮ್ಮ. ಯಜಮಾನರು ಫೋನಿನ ಮೇಲೆ ಭೂತಗನ್ನಡಿ ಇಟ್ಟರು. ಮಗಳ ಅಂಗಡಿಯ ಮುದ್ರೆಯಲ್ಲಿ ಬಲಗಡೆ, ಕೆಳಗೆ, ಉಂಗುರದಲ್ಲಿ ಕೂದಲೆಳೆಯಷ್ಟು ಬಿರುಕಿತ್ತು. ಇಲ್ಲೂ ಅದೇ ಜಾಗದಲ್ಲಿ ಅದೇ ಬಿರುಕು! ಒಂದೇ ಅಚ್ಚು, ಅನುಮಾನವೇ ಇಲ್ಲ. ಒಂದೇ ಅಚ್ಚೆಂದರೆ ಕೊಟ್ಟವರು ಒಬ್ಬರೇ. ಮಗಳ ಅಂಗಡಿಯನ್ನು ನೋಡಿ, ಕಾಗದಪತ್ರ ಪರಿಶೀಲಿಸಿ ಕೊಟ್ಟವರು ಈ ಮಷಿನ್ನು ಮಾರುವವನದನ್ನೂ ನೋಡಿಯೇ ಕೊಟ್ಟಿರಬೇಕು. ಬೇರೆ ಯಾರೇ ಆಗಿದ್ದರೂ ಆ ಬಿರುಕು ಕಣ್ಣಿಗೇ ಬೀಳುತ್ತಿರಲಿಲ್ಲ. ಇವರಿಗೆ ಬಿತ್ತು, ಮೋಸ ಹೋದರು. ಹೆಂಡತಿಗೂ ತೋರಿಸಿದರು. ಆಕೆ ಖುಷಿಯಿಂದ ಬೀರುವಿನ ಒಳಗಿಂದ ತಮ್ಮ ಗಂಟು ತೆಗೆದುಕೊಟ್ಟರು. ಮಗಳಿಗೆ ಹೇಳಲಿಲ್ಲ. ಕಿವಿಗೆ ಹಾಕಿಕೊಂಡು ಒಮ್ಮೆಲೇ ಬೆರಗುಗೊಳಿಸೋಣವೆಂದು ಗಂಡಹೆಂಡಿರ ಒಳಸಂಚು.

ಹಣ ಹೋಯಿತು. ವಾರವಾಯಿತು, ಎರಡಾಯಿತು. ದಿನಾ ಸಂಜೆ ಆಕೆ ಹುಬ್ಬೆತ್ತಿ ‘ಬಂತಾ?’ ಎನ್ನುವುದು, ಇವರು ಕೈಯಾಡಿಸಿ ‘ನಾಳೆ’ ಎನ್ನುವುದು. ಆ ಅಂಗಡಿಯ ನಂಬರಿಗೆ ಮಾಡಿದರೆ ಅಂಥ ನಂಬರೇ ಇಲ್ಲವಂತೆ. ವಿಳಾಸದಲ್ಲಿದ್ದದ್ದು ಯಾವುದೋ ಬಸ್ ನಿಲ್ದಾಣ. ಇಪ್ಪತ್ತನೆಯ ದಿನ ಯಜಮಾನರು ಅಂಗಡಿಗೆ ಬೀಗ ಹಾಕಿ ನೇರ ಮಗಳ ಹೊಲಿಗೆ ಕೋಣೆಗೆ ಬಂದು ನಿಂತರು.

‘ಅಯ್ಯೋ, ನನ್ನನ್ನೊಂದು ಮಾತು ಕೇಳ್ಬಾರದಾ ಅಪ್ಪಾ?’ ಎಂದಳು ಮಗಳು, ಎಲ್ಲ ಕೇಳಿದ ಮೇಲೆ.

‘ಕೇಳೋದೇನು? ನಿನ್ನ ಅಂಗಡಿ ಮುದ್ರೆನೇ ಇತ್ತಲ್ಲ! ಅದನ್ನ ಕೊಟ್ಟೋರ ವಿಳಾಸ ಕೊಡು. ಇಂಥ ಕಳ್ಳನಿಗೆ ಹೇಗೆ ಕೊಟ್ರಿ ಅಂತ ಅವರ ಕೊರಳಪಟ್ಟಿ ಹಿಡಿದು ಕೇಳ್ತೀನಿ.’

ಮಗಳು ಕತ್ತರಿ ಕೆಳಗಿಟ್ಟಳು. ಮುಖ ಸಪ್ಪೆಯಾಯಿತು.

‘ಯಾರೂ ಕೊಡಲ್ಲ ಅಪ್ಪಾ. ಇಂಟರ್‌ನೆಟ್ಟಲ್ಲಿ ಬಿಟ್ಟಿ ಸಿಗುತ್ತೆ. ಬರೀ ಚಿತ್ರ ಅದು. ಇಳಿಸ್ಕೊಂಡು ಅಂಟಿಸ್ದೆ.’

‘ನಿನ್ನ ಅಂಗಡಿ ನೋಡೋಕೆ ಯಾರೂ ಬರ್ಲಿಲ್ವಾ?’

‘ಇಲ್ಲ.’

‘ಪತ್ರ?’

‘ಎಲ್ಲಿಯ ಪತ್ರ ಅಪ್ಪಾ!’

ಯಜಮಾನರಿಗೆ ಸಿಟ್ಟು ನೆತ್ತಿಗೇರಿತು. ಅಷ್ಟು ವರ್ಷ ಗಿರಾಕಿಗಳ ಮೇಲೆ ಮಾಡಿದ ಸಿಟ್ಟೆಲ್ಲ ಇದರ ಮುಂದೆ ಏನೂ ಅಲ್ಲ.

‘ಪತ್ರ ಇಲ್ದೆ ಸೀಲು! ನನ್ನ ಮನೇಲಿ! ನನ್ನ ಅನ್ನ ತಿಂದು ಬೆಳೆದೋಳು!’

‘ನಾನು ಯಾರಿಗಾದ್ರೂ ಮೋಸ ಮಾಡಿದ್ದೀನಾ?’ ಮಗಳೂ ಏನು ಕಡಿಮೆಯೇ, ಅವರ ಮಗಳೇ ತಾನೆ. ‘ಹೇಳಿದ ಬಟ್ಟೇನೇ ಕಳಿಸ್ತೀನಿ, ಸರಿ ಇಲ್ದಿದ್ರೆ ದುಡ್ಡು ವಾಪಸ್ ಕೊಡ್ತೀನಿ. ಆದ್ರೂ ಜನ ದುಡ್ಡು ಕಟ್ಟೋ ಹೊತ್ತಿಗೆ ಹೆದರಿ ಎದ್ದು ಹೋಗ್ತಿದ್ರು. ಆ ಮುದ್ರೆ ಹಾಕಿದ ಮೇಲೆ ಆರ್ಡರು ಎರಡರಷ್ಟಾಯ್ತು. ಹೆದರಿದೋರಿಗೆ ಒಂದಿಷ್ಟು ಧೈರ್ಯ ಕೊಟ್ಟೆ. ಎಲ್ಲರೂ ಹಾಕ್ತಾರೆ. ಅದ್ರಲ್ಲಿ ತಪ್ಪೇನು?’

‘ಡಾಕ್ಟರ ಸೀಲು ಕೇಳ್ಕೊಂಡು ಬಂದಿದ್ನಲ್ಲ, ಆ ಬಡ್ಡಿಮಗನೂ ಇದನ್ನೇ ಹೇಳಿದ್ದ. ರೋಗಿಗಳಿಗೆ ಧೈರ್ಯ ಬರುತ್ತಂತೆ!’

‘ಕದ್ದಿದ್ದು ಅವನು. ಕೂಗೋದು ನನ್ನ ಮೇಲೆ. ಚೆನ್ನಾಗಿದೆ.’

‘ಅವನು ಯಾರು ಅಂತ್ಲೇ ನಂಗೆ ಗೊತ್ತಿಲ್ವಲ್ಲೇ! ಅವನನ್ನ ನಾನು ಯಾವತ್ತು ನಂಬಿದ್ದೆ? ನಿನ್ನನ್ನ ನಂಬಿ ದುಡ್ಡು ಕಟ್ಟಿದ್ದು ಕಣೇ. ನಿನ್ನನ್ನ!’

ಮಗಳ ಕಣ್ಣು ಮೇಜಿನ ಕಡೆ ಹೋಯಿತು. ಅವಳ ಕಂಪ್ಯೂಟರಿನಲ್ಲಿ ಅಂಗಡಿಯ ಪುಟ ತೆರೆದೇ ಇತ್ತು, ಮೂಲೆಯಲ್ಲಿ ಹಸಿರು ಮುದ್ರೆ ಹಾಗೇ ಕೂತಿತ್ತು. ಕಳ್ಳನ ಬಳಿ ಇದ್ದದ್ದೂ ಇದೇ, ಸಾಚಾ ಹುಡುಗಿಯ ಬಳಿ ಇರುವುದೂ ಇದೇ. ಕಳ್ಳನೊಬ್ಬನೇ ಹಾಕಿಕೊಂಡಿದ್ದರೆ ಅದನ್ನು ಯಾವ ನಾಯಿಯೂ ಮೂಸುತ್ತಿರಲಿಲ್ಲ. ಇಂಥ ಸಾಚಾಗಳೆಲ್ಲ ಸೇರಿ ಅದಕ್ಕೊಂದು ಬೆಲೆ ತಂದುಕೊಟ್ಟರು, ಅವನು ಆ ಬೆಲೆಯನ್ನು ಬಾಚಿಕೊಂಡು ಹೋದ.

ಅಷ್ಟರಲ್ಲಿ ಹೆಂಡತಿ ಒದ್ದೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದರು. ಜಗಳ ಕಿವಿಗೆ ಬಿದ್ದಿರಲಿಲ್ಲ. ಗಂಡ ಹಗಲು ಹೊತ್ತಿನಲ್ಲಿ ಮನೆಗೆ ಬಂದದ್ದು ಮಾತ್ರ ಕಂಡಿತ್ತು. ಮುಖ ಅರಳಿಸಿಕೊಂಡು ಕೇಳಿದರು.

‘ಮಷಿನ್ನು ಬಂತಾ?’

ಯಜಮಾನರು ಗೋಡೆಯ ಕಡೆ ತಿರುಗಿಬಿಟ್ಟರು. ‘ನೀನೇ ಹೇಳು’ ಎಂದರು ಮಗಳಿಗೆ.

ಮಗಳು ಅಮ್ಮನ ಹತ್ತಿರ ಹೋಗಿ ಕಿವಿಯ ಬಳಿ ಮೆಲ್ಲಗೆ ಹೇಳಿದಳು.

‘ಏನೂ ಕೇಳಿಸ್ಲಿಲ್ಲ ಕಣೇ. ಜೋರಾಗಿ ಹೇಳು.’

‘ಅದು ಬರಲ್ಲಮ್ಮಾ. ಆ ಮುದ್ರೆ ಸುಳ್ಳು!’

‘ಸುಳ್ಳಾ? ನಿನ್ನ ಅಂಗಡೀಲೂ ಇದೆಯಲ್ಲೇ ಅದು?’

‘ನಂದೂ ಸುಳ್ಳು!’

‘ಆಂ?’

‘ನಂದೂ ಸುಳ್ಳಮ್ಮಾ! ಯಾರೂ ಕೊಟ್ಟಿಲ್ಲ! ನಾನೇ ಅಂಟಿಸ್ಕೊಂಡಿದ್ದು!’

ಗಂಟಲು ಹರಿಯುವಂತೆ ಕೂಗಿದಳು. ಪಕ್ಕದ ಮನೆಯ ಕಿಟಕಿ ತೆರೆದ ಸದ್ದಾಯಿತು. ಕೂಸು ಎಚ್ಚರಗೊಂಡು ಅಳತೊಡಗಿತು.

ಅಮ್ಮನಿಗೆ ಈಗ ಕೇಳಿಸಿತ್ತು. ಬೈಯಲಿಲ್ಲ. ಹೊಲಿಗೆ ಯಂತ್ರದ ಮುಂದಿನ ಕುರ್ಚಿಯಲ್ಲಿ ಕೂತು, ಅರ್ಧ ಅಂಚು ಹೊಲಿದ ಹೊದಿಕೆಯನ್ನು ಕೈಗೆತ್ತಿಕೊಂಡರು.

‘ಇಲ್ಲೀತನಕ ಎಷ್ಟು ಜನ ತಾಯಂದ್ರಿಗೆ ಹೊದಿಕೆ ಕಳಿಸಿದ್ದೀವಿ?’

ಮಗಳು ಬೆರಳಿನಲ್ಲಿ ಆರು ತೋರಿಸಿ, ‘ಆರುನೂರು’ ಎಂದು ಕೂಗಿದಳು.

‘ಆ ಮುದ್ರೆ ನೋಡ್ಕೊಂಡೇ ಅವರೂ ನಾಳೆ ಇನ್ನೆಲ್ಲೋ ದುಡ್ಡು ಕಟ್ತಾರಲ್ಲ, ನಮ್ಮ ಹಾಗೆ’ ಎಂದರು ಅಮ್ಮ. ‘ಕೂತ್ಕೊ. ನಂಗೆ ಹೇಳಿದ್ಯಲ್ಲ ಈಗ, ಅಷ್ಟೇ ಜೋರಾಗಿ ಆ ಆರುನೂರು ಜನಕ್ಕೂ ಹೇಳು.’