ಪೆನ್‌ಡ್ರೈವಿನಲ್ಲಿ ಬಾಗೂರಿಗೆ ಬಂದ ಮಾವನ ದನಿ

ಎರಡು ವರ್ಷದ ಹಿಂದೆ, ನನ್ನ ಸೋದರಮಾವನ ಮಗಳು ಸೌಮ್ಯಳ ವೀಳ್ಯಶಾಸ್ತ್ರದ ದಿನ ನಡೆದ ಸಂಗತಿಯಿದು. ನೆನೆಸಿಕೊಂಡರೆ ಇವತ್ತಿಗೂ ಮೊದಲು ನಗು ಬರುತ್ತದೆ, ಅದರ ಬೆನ್ನಿಗೇ ಅಳು.

ಮಾವನ ಹೆಸರು ರುದ್ರಪ್ಪ, ಅಮ್ಮನ ಕೊನೆಯ ತಮ್ಮ. ಸಲಿಗೆ ಜಾಸ್ತಿ, ಏಕವಚನದಲ್ಲೇ ಬರೆಯುತ್ತೇನೆ, ಬೈಯಬೇಡಿ. ಊರು ಹೊಸದುರ್ಗದ ಹತ್ತಿರದ ಬಾಗೂರು. ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ. ಹೊಸದುರ್ಗದ ಸ್ಟ್ಯಾಂಡಿನಲ್ಲಿ ಬಾಗಿಲಿಗೆ ಜೋತುಬಿದ್ದು ಅವನು ಒಂದು ಸಲ ಕೂಗಿದರೆ ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದವರು ಲೋಟ ಅಲ್ಲೇ ಕುಕ್ಕಿ ಓಡಿ ಬರುತ್ತಿದ್ದರು. ಬಸ್ಸು ಕಾಣದಿದ್ದರೂ ಮಾವ ಬಂದದ್ದು ಗೊತ್ತಾಗುತ್ತಿತ್ತು.

ಆ ಗಂಟಲಿಗೇ ಕಾಯಿಲೆ ಬಂತು. ದಾವಣಗೆರೆಯ ಡಾಕ್ಟರು, ಧ್ವನಿಪೆಟ್ಟಿಗೆ ತೆಗೆಯಲೇಬೇಕು, ಜೀವಕ್ಕೇನೂ ಭಯವಿಲ್ಲ, ಆದರೆ ಮಾತು ಹೋಗುತ್ತದೆ ಎಂದರು. ಮಾವನ ಹೆಂಡತಿ ಗಿರಿಜತ್ತೆ ಅಲ್ಲೇ ಸೆರಗು ಬಾಯಿಗಿಟ್ಟುಕೊಂಡಳು. ಮಾವ ಮಾತ್ರ, "ಅಳ್ತೀಯ ಯಾಕೆ? ಮದ್ವೆ ಆದಾಗ್ಲಿಂದ ನೀನೇ ಸುಮ್ಕಿರು ಸುಮ್ಕಿರು ಅಂತಿದ್ದೆ. ಇನ್ಮೇಲೆ ಸುಮ್ನಿರ್ತೀನಿ ಬಿಡು" ಎಂದ. ಅತ್ತೆ ಅಳುತ್ತಲೇ ಅವನ ತೋಳಿಗೆ ಒಂದೇಟು ಹಾಕಿದಳು.

ನಾನು ಹೊಳಲ್ಕೆರೆಯಲ್ಲಿ ಕಾಲೇಜು ಮಕ್ಕಳಿಗೆ ಕಂಪ್ಯೂಟರ್ ಪಾಠ ಮಾಡುವವಳು. ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಆಪರೇಷನ್ನಿಗೆ ಮುಂಚೆ ಮೊಬೈಲ್ ಹಿಡಿದು ಅವನ ಮುಂದೆ ಕೂತೆ.

"ದಿನಾ ಆಡೋ ಮಾತು ಒಂದೊಂದೇ ಹೇಳು ಮಾವ. ಹಿಡಿದಿಡ್ತೀನಿ" ಎಂದೆ.

ಮೊದಲು, "ಊಟ ಆತಾ?" ಎಂದ. ಎರಡನೆಯದಕ್ಕೆ ಸ್ವಲ್ಪ ಹೊತ್ತು ಯೋಚಿಸಿದ. ಆಮೇಲೆ ಅಂಗಿಯ ಗುಂಡಿ ಹಾಕಿಕೊಂಡು, ಎದ್ದು ನಿಂತು, "ನಮ್ಮ ಸೌಮ್ಯನ್ನ ನಿಮ್ಮನೆಗೆ ಕೊಟ್ಟಿದ್ದೀವಿ" ಎಂದ. ಆಗಿನ್ನೂ ಸೌಮ್ಯಳಿಗೆ ಗಂಡು ನೋಡಲು ಶುರುವೇ ಮಾಡಿರಲಿಲ್ಲ.

ನಮ್ಮಲ್ಲಿ ವೀಳ್ಯ ಬದಲಾಯಿಸುವಾಗ ಹೆಣ್ಣಿನ ತಂದೆ ಎದ್ದು ನಿಂತು, ನೆರೆದವರಿಗೆಲ್ಲ ಕೇಳುವಂತೆ ಈ ಮಾತನ್ನು ಮೂರು ಸಲ ಹೇಳಬೇಕು. ಗಂಡಿನ ತಂದೆ "ತಗಂಡಿದ್ದೀವಿ" ಎನ್ನಬೇಕು. ಅಷ್ಟಾದರೆ ಮದುವೆ ಗಟ್ಟಿಯಾದಂತೆ. ಬರವಣಿಗೆ, ಸಹಿ ಯಾವುದೂ ಇಲ್ಲ, ಬಾಯಿಮಾತೇ ಎಲ್ಲ.

ಆ ಮಾತು ಮುಗಿದ ಮೇಲೆ ಮಾವ ಹಗುರಾದ. ಟಿವಿ ಸೌಂಡು ಕಮ್ಮಿ ಮಾಡ್ರಿ, ಮಾತ್ರೆ ಎಲ್ಲೈತೆ, ಬಿಸಿನೀರು ಕೊಡೇ ಎಂದೆಲ್ಲ ಹೇಳಿ, ನಡುವೆ ತಮಾಷೆಗೆ, ಹತ್ತನೆಯದಾಗಿ, ತನ್ನ ಬಸ್ಸಿನ ಕೂಗನ್ನೂ ಕೂಗಿದ. ಒಟ್ಟು ಹದಿನಾಲ್ಕು ಮಾತಾದವು. ಪ್ರತಿಯೊಂದಕ್ಕೂ ಒಂದು, ಎರಡು, ಮೂರು ಎಂದು ನಂಬರು ಹಾಕಿಟ್ಟೆ.

ಆಪರೇಷನ್ ಆಯಿತು. ಮಾವ ಸ್ಲೇಟಿನ ಮೇಲೆ ಬರೆದು ಮಾತಾಡುವುದನ್ನು ಕಲಿತ. ನಾನು ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಚಿಕ್ಕ ಪ್ರೋಗ್ರಾಂ ಬರೆದೆ. ಪರದೆಯ ಮೇಲೆ ದೊಡ್ಡ ದೊಡ್ಡ ಗುಂಡಿಗಳು, 'ಊಟ' ಎಂದಿರುವುದನ್ನು ಒತ್ತಿದರೆ ಮಾವನ ದನಿಯಲ್ಲಿ "ಊಟ ಆತಾ?" ಎನ್ನುತ್ತದೆ. ಮೊಬೈಲಿಗೇ ಹಾಕಬಹುದಿತ್ತಲ್ಲ ಎಂದು ನೀವು ಕೇಳಬಹುದು. ನನಗೆ ಮೊಬೈಲಿನ ವಿದ್ಯೆ ಬರುವುದಿಲ್ಲ, ಮಾವನ ದಪ್ಪ ಬೆರಳಿಗೆ ಮೊಬೈಲಿನ ಗುಂಡಿ ಸಿಗುವುದೂ ಇಲ್ಲ.

ವರ್ಷ ಕಳೆಯುವುದರೊಳಗೆ ಸೌಮ್ಯಳಿಗೆ ಚಿಕ್ಕಜಾಜೂರಿನ ಸಂಬಂಧ ಕೂಡಿ ಬಂತು. ಹುಡುಗನ ತಂದೆ ಬಸವರಾಜಪ್ಪ ರೈಲ್ವೆಯಲ್ಲಿದ್ದವರು. ವೀಳ್ಯಕ್ಕೆ ದಿನ ಗೊತ್ತಾದಾಗ ನಮ್ಮ ದೊಡ್ಡ ಮಾವ, "ನಿಂಗ್ಯಾಕಪ್ಪ ತೊಂದ್ರೆ, ಆ ಮಾತು ನಾನೇ ಹೇಳ್ತೀನಿ ಬಿಡು" ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಮಾವ ಸ್ಲೇಟು ಎಳೆದುಕೊಂಡು, "ಅವಳ ಅಪ್ಪ ನಾನಿನ್ನೂ ಇದೀನಿ" ಎಂದು ಬರೆದು ಅವರ ಮುಂದೆ ಹಿಡಿದ. ದೊಡ್ಡ ಮಾವ ಮತ್ತೆ ಆ ಮಾತೆತ್ತಲಿಲ್ಲ.

ವೀಳ್ಯದ ಹಿಂದಿನ ದಿನ ಬೆಳಿಗ್ಗೆಯೇ ಲ್ಯಾಪ್‌ಟಾಪ್ ಹೊತ್ತುಕೊಂಡು ಬಾಗೂರಿಗೆ ಹೋದೆ. "ನಾಳೆ ಇದರಿಂದಲೇ ಹೇಳಿಸಾಣ ಮಾವ" ಎಂದೆ. ಮಾವ ತಲೆಯಲ್ಲಾಡಿಸಿ ಬರೆದ, "ಇದು ನಿನ್ನ ಜತೆ ವಾಪಸ್ ಹೋಗ್ತೈತೆ. ನನ್ನ ಬಾಯಿ ನನ್ನ ಮನೇಲಿರ್ಬೇಕು."

ಸರಿ ಎಂದು ಸೌಮ್ಯಳ ಕಾಲೇಜು ದಿನಗಳ ಹಳೇ ಲ್ಯಾಪ್‌ಟಾಪ್ ಹೊರತೆಗೆಸಿದೆ. ತೊಡಕಿದ್ದದ್ದು ಇಲ್ಲೇ. ಪೈಥಾನ್ ಎಂಬ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಅದು. ಆ ಪೈಥಾನ್ ಇಲ್ಲದ ಕಂಪ್ಯೂಟರಿನಲ್ಲಿ ಓಡುವುದಿಲ್ಲ. ಮಾವನಿಗೆ ಅದನ್ನೆಲ್ಲ ಹಾಕಿಕೊಂಡು ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಟೈಪ್ ಮಾಡು ಎನ್ನಲಾಗುತ್ತದೆಯೇ? ಅದಕ್ಕೇ, ಬೇಕಾದದ್ದನ್ನೆಲ್ಲ ಒಂದೇ ಫೈಲಿನಲ್ಲಿ ಗಂಟು ಕಟ್ಟಿ, ಯಾವ ಕಂಪ್ಯೂಟರಿಗೆ ಒಯ್ದರೂ ಎರಡು ಸಲ ಒತ್ತಿದರೆ ತಾನೇ ತೆರೆದುಕೊಳ್ಳುವಂತೆ ಮಾಡಬೇಕು. ಇಎಕ್ಸ್‌ಇ ಫೈಲ್ ಎನ್ನುತ್ತೇವೆ. ಹಾಗೆ ಗಂಟು ಕಟ್ಟುವ ಸಾಧನಗಳು ಪುಕ್ಕಟೆ ಸಿಗುತ್ತವೆ. ಹೇಗೂ ಮುಂದೆ ಬೇಕಾಗುತ್ತದೆಂದು ನಾನು ಹಿಂದಿನ ರಾತ್ರಿಯೇ ಕಟ್ಟಿ, ನನ್ನ ಲ್ಯಾಪ್‌ಟಾಪಿನಲ್ಲಿ ಓಡಿಸಿ ನೋಡಿ, ಪೆನ್‌ಡ್ರೈವಿಗೆ ಹಾಕಿಕೊಂಡು ಬಂದಿದ್ದೆ. ಭಲೇ ಧೈರ್ಯ.

ಹಳೇ ಲ್ಯಾಪ್‌ಟಾಪಿನಲ್ಲಿ ಒತ್ತಿದೆ. ಕಪ್ಪು ಕಿಟಕಿಯೊಂದು ಫಕ್ಕನೆ ಬಂದು ಮಾಯವಾಯಿತು. ಮತ್ತೆ ಒತ್ತಿದೆ, ಮತ್ತೆ ಅದೇ ಕತೆ. ಮಾವ ನನ್ನ ಮುಖ ನೋಡಿದ, ನಾನು ಗೋಡೆ ನೋಡಿದೆ.

ಕಿಟಕಿಯಲ್ಲಿ ಏನೋ ಬರೆದಿರುತ್ತಿತ್ತು, ಓದಲು ಬಿಡುತ್ತಿರಲಿಲ್ಲ. ಕೊನೆಗೆ ಸೌಮ್ಯ ಮೊಬೈಲಿನಲ್ಲಿ ವಿಡಿಯೊ ತೆಗೆದಳು. ಅದನ್ನು ನಿಲ್ಲಿಸಿ ಕೊನೆಯ ಸಾಲು ಓದಿದರೆ, ಫೈಲ್ ಸಿಗಲಿಲ್ಲ ಎಂದಿತ್ತು. ಎಲ್ಲಿ ಹುಡುಕಿತ್ತು ಎಂಬ ವಿಳಾಸವೂ ಇತ್ತು. ನೋಡಿ ಹಣೆ ಚಚ್ಚಿಕೊಂಡೆ. ಅದು ನನ್ನ ಲ್ಯಾಪ್‌ಟಾಪಿನ, ನನ್ನ ಹೆಸರಿನ ಫೋಲ್ಡರು! ಪ್ರೋಗ್ರಾಂ ಬಾಗೂರಿಗೆ ಬಂದಿತ್ತು, ದನಿಯ ಫೈಲುಗಳು ಹೊಳಲ್ಕೆರೆಯ ವಿಳಾಸದಲ್ಲೇ ಉಳಿದಿದ್ದವು. ನಾನು ಗಂಟು ಕಟ್ಟುವಾಗ ಅವನ್ನು ಒಳಗೆ ಹಾಕಿರಲೇ ಇಲ್ಲ. ನನ್ನ ಮನೆಯಲ್ಲಿ ಚೆನ್ನಾಗಿ ಓಡಿದ್ದೂ ಅದಕ್ಕೇ.

"ಏನಂತೆ?" ಎಂದು ಅತ್ತೆ ಕೇಳಿದಳು.

"ದನಿ ನಮ್ಮನೇಲೇ ಮರೆತು ಬಂದೀನಂತೆ ಅತ್ತೆ."

"ಹೋಳಿಗೆ ಹಿಟ್ಟು ಮರೆಯೋದು ನೋಡೀನಿ, ಇದೆಂಥದವ್ವ" ಎಂದು ಅತ್ತೆ ಒಳಗೆ ಹೋದಳು.

ನನ್ನ ಲ್ಯಾಪ್‌ಟಾಪ್ ತೆಗೆದು ಕೂತೆ. ಈ ಸಲ ಒಂದೊಂದು ಫೈಲಿನ ವಿಳಾಸ ಬರೆಯುವ ಗೋಜೇ ಬೇಡ ಎಂದು, ಗಂಟಿನೊಳಗಿನ ದನಿಯ ಫೋಲ್ಡರಿನಲ್ಲಿ ಏನೇನಿದೆಯೋ ಅದನ್ನೆಲ್ಲ ಸಾಲಾಗಿ ಎತ್ತಿಕೋ ಎಂದು ಪ್ರೋಗ್ರಾಮಿಗೆ ಹೇಳಿಬಿಟ್ಟೆ. ಮತ್ತೆ ಗಂಟು ಕಟ್ಟಿದೆ. ಪೆನ್‌ಡ್ರೈವಿನಿಂದ ಹಳೇ ಲ್ಯಾಪ್‌ಟಾಪಿಗೆ ಹಾಕಿದೆ. ಹಾಕಿದ್ದ ಫೈಲು ಕಣ್ಣೆದುರಿಗೇ ಕಾಣೆಯಾಯಿತು! ಆಂಟಿವೈರಸ್ ಅದನ್ನು ವೈರಸ್ಸೆಂದು ತಿಳಿದು ಒಳಗೆ ಹಾಕಿತ್ತು. ಹೀಗೆ ಮನೆಯಲ್ಲಿ ಕಟ್ಟಿದ ಫೈಲುಗಳ ಮೇಲೆ ಅದಕ್ಕೆ ಅನುಮಾನ ಜಾಸ್ತಿಯಂತೆ. ನನಗೋ ಸಿಟ್ಟು ನೆತ್ತಿಗೇರಿತು. "ಇವನು ಕಳ್ಳ ಅಲ್ಲ ಕಣೋ, ಮನೆ ಯಜಮಾನ!" ಎಂದು ಪರದೆಗೇ ಬೈದೆ. ಮಾವ ಹೆಗಲು ಕುಣಿಸಿ ನಕ್ಕ. ನಗುವಿಗೂ ಸದ್ದಿರಲಿಲ್ಲ.

ಆಂಟಿವೈರಸ್‌ಗೆ ಈ ಫೈಲು ನಮ್ಮದೇ, ಬಿಡು ಎಂದು ಹೇಳಿ ಹಿಂದಕ್ಕೆ ಬಿಡಿಸಿಕೊಂಡಾಗ ಸಂಜೆಯಾಗಿತ್ತು. ಒತ್ತಿದೆ. ಗುಂಡಿಗಳು ಬಂದವು. ಮಾವನ ಬೆರಳು ಹಿಡಿದು 'ಊಟ' ಒತ್ತಿಸಿದೆ. "ಊಟ ಆತಾ?" ಎಂದಿತು. ಮನೆಯಲ್ಲಿ ಎಲ್ಲರೂ ಚಪ್ಪಾಳೆ ಹೊಡೆದರು. ಉಳಿದವನ್ನೂ ನೋಡೋಣ ಎಂದುಕೊಳ್ಳುವಷ್ಟರಲ್ಲಿ ಅತ್ತೆ ಹೂರಣ ರುಬ್ಬಲು ಕರೆದಳು, ಎದ್ದು ಹೋದೆ. ಒಂದು ಓಡಿದರೆ ಎಲ್ಲವೂ ಓಡಿದ ಹಾಗೇ ಎಂಬ ಭ್ರಮೆ.

ಮಾರನೆಯ ದಿನ ಚಿಕ್ಕಜಾಜೂರಿನವರು ಬಂದರು. ಪಡಸಾಲೆ ತುಂಬಿತು. ಲ್ಯಾಪ್‌ಟಾಪಿಗೆ ದೊಡ್ಡ ಸ್ಪೀಕರ್ ಸಿಕ್ಕಿಸಿ ಮಾವನ ಮುಂದೆ ಸ್ಟೂಲಿನ ಮೇಲಿಟ್ಟಿದ್ದೆ. ಮಾವ ಬಿಳಿ ಅಂಗಿ ತೊಟ್ಟು, ಕುತ್ತಿಗೆಯ ಗಾಯದ ಮೇಲೆ ಶಲ್ಯ ಹೊದ್ದು, ಮದುವಣಿಗನಂತೆ ಕೂತಿದ್ದ. ಅಯ್ಯನೋರು ವೀಳ್ಯದ ತಟ್ಟೆ ಮುಂದಿಟ್ಟು, "ಹೆಣ್ಣಿನ ತಂದೆ ಮಾತು ಕೊಡ್ರಿ" ಎಂದರು.

ಮಾವ ಎದ್ದು ನಿಂತ. ಗುಸುಗುಸು ನಿಂತಿತು. 'ಕೊಟ್ಟಿದ್ದೀವಿ' ಎಂದು ಬರೆದಿದ್ದ ಗುಂಡಿ ಒತ್ತಿದ.

"ಹೊಳಲ್ಕೆರೆ, ಚಿಕ್ಕಜಾಜೂರು! ಚಿಕ್ಕಜಾಜೂರು, ಚಿಕ್ಕಜಾಜೂರೂ! ಹತ್ರಿ ಹತ್ರಿ, ಸೀಟೈತೆ ಬರ್ರೀ!"

ಅಯ್ಯೋ ಶಿವನೇ! ಅಯ್ಯನೋರ ಕೈಯಲ್ಲಿದ್ದ ಅಕ್ಷತೆ ಅಲ್ಲೇ ನಿಂತಿತು. ಅತ್ತೆ ಮುಖ ಮುಚ್ಚಿಕೊಂಡಳು. ದೊಡ್ಡ ಮಾವ ಅರ್ಧ ಎದ್ದರು. ಮಾವನ ಮುಖ ಬಿಳಿಚಿಹೋಗಿತ್ತು. ಇದೊಂದೇ ಮಾತಿಗಾಗಿ ಅವನು ವರ್ಷವಿಡೀ ಕಾದಿದ್ದ. ಭೂಮಿ ಬಾಯಿಬಿಟ್ಟರೆ ಇಳಿದು ಹೋಗುತ್ತಿದ್ದೆ.

ಆಗ ಬಸವರಾಜಪ್ಪನವರು ಕೂತಲ್ಲಿಂದಲೇ ಗಟ್ಟಿಯಾಗಿ, "ಹತ್ತಿದ್ವಿ ಬೀಗ್ರೆ, ಹತ್ತಿದ್ವಿ! ಈ ಕೂಗು ಕೇಳಿ ಎಷ್ಟು ಸಲ ಓಡಿ ಬಂದೀನಿ ನಿಮ್ಮ ಬಸ್ಸಿಗೆ. ಈಗ ಮನೆಮಂದಿ ಎಲ್ಲಾ ಹತ್ತಿ ಕುಂತೀವಿ. ನಿಧಾನಕ್ಕೆ ರೈಟ್ ಹೇಳ್ರಿ" ಎಂದರು.

ಪಡಸಾಲೆಯೆಲ್ಲ ನಗು. ಅಯ್ಯನೋರೂ ನಕ್ಕರು. ಮಾವನ ಹೆಗಲು ಕುಣಿಯತೊಡಗಿದಾಗ ನನಗೆ ಉಸಿರು ಬಂತು. ಆ ನಗುವಿನ ಮರೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕುಕ್ಕರಗಾಲಲ್ಲಿ ಕೂತೆ. ಎರಡರ ಜಾಗದಲ್ಲಿ ಹತ್ತನೆಯದು ಯಾಕೆ ಬಂತು? ತಕ್ಷಣ ಹೊಳೆಯಿತು. ಸಾಲಾಗಿ ಎತ್ತಿಕೋ ಎಂದಿದ್ದೆನಲ್ಲ, ಕಂಪ್ಯೂಟರ್ ಆ ನಂಬರುಗಳನ್ನು ಎಣಿಸುವುದಿಲ್ಲ, ಮೊದಲನೇ ಅಂಕಿ ನೋಡಿ ಜೋಡಿಸುತ್ತದೆ. ಒಂದಾದ ಮೇಲೆ, ಒಂದರಿಂದಲೇ ಶುರುವಾಗುವ ಹತ್ತು, ಹನ್ನೊಂದು, ಹೀಗೆ ಹದಿನಾಲ್ಕರವರೆಗೆ. ಅವೆಲ್ಲ ಮುಗಿದ ಮೇಲೆ ಎರಡು. ಬೆರಳು ಮಡಿಸಿ ಎಣಿಸಿದೆ. ಏಳನೇ ಗುಂಡಿ. ಅದರ ಮೇಲೆ 'ಬಿಸಿನೀರು' ಎಂದು ಬರೆದಿತ್ತು.

"ಮಾವ, ಬಿಸಿನೀರು ಒತ್ತು" ಎಂದು ಪಿಸುಗುಟ್ಟಿದೆ.

ಮಾವ ನನಗೇನಾದರೂ ತಲೆ ಕೆಟ್ಟಿದೆಯಾ ಎಂಬಂತೆ ನೋಡಿದ.

"ನನ್ನಾಣೆ ಮಾವ, ಒತ್ತು."

ನನ್ನನ್ನು ನಂಬಲು ಅವನಿಗೆ ಆ ಹೊತ್ತಿನಲ್ಲಿ ಯಾವ ಕಾರಣವೂ ಇರಲಿಲ್ಲ. ಆದರೂ ಒತ್ತಿದ.

"ನಮ್ಮ ಸೌಮ್ಯನ್ನ ನಿಮ್ಮನೆಗೆ ಕೊಟ್ಟಿದ್ದೀವಿ."

ಸ್ಪೀಕರಿನಿಂದ ಆ ತುಂಬಿದ ದನಿ ಬಂದಾಗ ನಗುತ್ತಿದ್ದವರೆಲ್ಲ ಮಾವನ ಕಡೆ ತಿರುಗಿದರು. ಬಸವರಾಜಪ್ಪನವರು ಎದ್ದು ನಿಂತು ಕೈ ಮುಗಿದು, "ತಗಂಡಿದ್ದೀವಿ" ಎಂದರು. ಮೊದಲನೇ ಸಲದ್ದು ಮುಗಿಯಿತು ಎಂದುಕೊಂಡೆ. ಆದರೆ ಸ್ಪೀಕರ್ ಇನ್ನೂ ಸುಮ್ಮನಾಗಿರಲಿಲ್ಲ. ಆವತ್ತು ಮಾತು ಮುಗಿದ ಮೇಲೂ ನಾನು ರೆಕಾರ್ಡಿಂಗ್ ನಿಲ್ಲಿಸಿರಲಿಲ್ಲ, ಬಾಲ ಕತ್ತರಿಸಿಯೂ ಇರಲಿಲ್ಲ. ಒಂದು ಕೆಮ್ಮು ಕೇಳಿತು. ಹಿಂದೆಯೇ ಮಾವನ ದನಿ, ಸಣ್ಣಗೆ, ಸಂಕೋಚದಿಂದ:

"ಬಂತೇನವ್ವ? ಚೆನ್ನಾಗ್ ಬಂತಾ?"

ಆವತ್ತು ನನ್ನನ್ನು ಕೇಳಿದ್ದು ಅದು. ಮಾವ ಗುಂಡಿಯ ಮೇಲೆ ಬೆರಳಿಟ್ಟುಕೊಂಡೇ ನಿಂತಿದ್ದ. ತಲೆ ತಗ್ಗಿಸಿ ಕೂತಿದ್ದ ಸೌಮ್ಯ ತಲೆಯೆತ್ತಿದಳು.

"ಬಂತಪ್ಪ. ಚೆನ್ನಾಗ್ ಬಂತು" ಎಂದಳು.

ಮಾವನ ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು. ಒರೆಸಿಕೊಳ್ಳಲಿಲ್ಲ. ಶಾಸ್ತ್ರ ಮೂರು ಸಲವಲ್ಲವೇ, ಎರಡನೇ ಸಲ ಒತ್ತಿದ. ಮತ್ತೆ ಅದೇ ಮಾತು, ಅದೇ ಕೆಮ್ಮು, ಅದೇ ಪ್ರಶ್ನೆ. ಈ ಸಲ ಸೌಮ್ಯ ಬಾಯಿ ತೆರೆಯುವ ಮೊದಲೇ ಗಿರಿಜತ್ತೆ, "ಬಂತು ಕಣ್ರಿ, ಬಂತು" ಎಂದಳು. ಮೂರನೇ ಸಲಕ್ಕೆ ಅಯ್ಯನೋರು, ಬೀಗರು, ಬಾಗಿಲಲ್ಲಿ ನಿಂತಿದ್ದ ನೆರೆಹೊರೆಯವರು, ಎಲ್ಲರೂ ಒಟ್ಟಿಗೇ "ಬಂತು, ಬಂತು!" ಎಂದರು.

ಊಟವಾದ ಮೇಲೆ ನಂಬರು ಸರಿಪಡಿಸಿದೆ. ಹತ್ತಕ್ಕಿಂತ ಕೆಳಗಿನವಕ್ಕೆಲ್ಲ ಮುಂದೊಂದು ಸೊನ್ನೆ ಸೇರಿಸಿದರೆ ಆಯಿತು, ಅಷ್ಟೇ ಇದ್ದದ್ದು. ಮತ್ತೆ ಗಂಟು ಕಟ್ಟಿ, ಹದಿನಾಲ್ಕು ಗುಂಡಿಗಳನ್ನೂ ಒಂದೊಂದಾಗಿ ಒತ್ತಿ ನೋಡಿದೆ. ಈಗ ನನ್ನ ವಿದ್ಯಾರ್ಥಿಗಳಿಗೂ ಅದನ್ನೇ ಹೇಳುತ್ತೇನೆ, ನಿಮ್ಮ ಮನೆಯಲ್ಲಿ ಓಡಿದರೆ ಅದು ಓಡಿದ ಲೆಕ್ಕವಲ್ಲ, ಬೇಕಾದವರ ಮನೆಯಲ್ಲಿ ಓಡಿಸಿ ನೋಡಿ ಎಂದು.

ಸೌಮ್ಯ ಈಗ ಚಿಕ್ಕಜಾಜೂರಿನಲ್ಲಿದ್ದಾಳೆ. ಆವತ್ತು ಸಂಜೆ ಹೊರಡುವ ಮುಂಚೆ, "ಮಾವ, ಆ ಕೊನೇ ಮಾತು ಕತ್ತರಿಸಿಬಿಡಲಾ? ಒಂದು ನಿಮಿಷದ ಕೆಲಸ" ಎಂದು ಕೇಳಿದ್ದೆ. ಮಾವ ಲ್ಯಾಪ್‌ಟಾಪ್ ಮುಚ್ಚಿ, ಎರಡೂ ಕೈಯಲ್ಲಿ ಎತ್ತಿ ಎದೆಗವುಚಿಕೊಂಡು ಒಳಕೋಣೆಗೆ ನಡೆದುಬಿಟ್ಟ. ಹೊಳಲ್ಕೆರೆ ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನು ಕಿಟಕಿಗೆ ಮುಖ ಮಾಡಿ ಕೂತು ಅಳುತ್ತಿದ್ದೆ.